ಅಂತರರಾಷ್ಟ್ರೀಯ ಸಮುದ್ರ ಕಾನೂನು ಮತ್ತು ಸುಸ್ಥಿರ ಅಭಿವೃದ್ಧಿ: ಮೀನುಗಾರಿಕೆಯ ನಿದರ್ಶನ

‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಕಳೆದ ಕೆಲವು ದಶಕಗಳ ಬಳಕೆಯಲ್ಲಿ ಬಹಳ ಸವೆದುಹೋಗಿದೆ. ಸರಕಾರದ ಪ್ರಕಟಣೆಗಳಲ್ಲಿಯೂ ಕಾರ್ಖಾನೆಗಳ ಜಾಹೀರಾತುಗಳಲ್ಲಿಯೂ ಅದು ಒಂದೇ ರೀತಿಯಾಗಿ ಕಾಣಿಸಿಕೊಳ್ಳುವುದರಿಂದ ಅದಕ್ಕೊಂದು ಖಚಿತವಾದ ಅರ್ಥವಿದೆಯೇ ಎಂಬ ಸಂಶಯ ಓದುಗರಿಗೆ ಬಂದರೆ ಆಶ್ಚರ್ಯವಿಲ್ಲ. ಇಂದಿನವರ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನವರ ಅಗತ್ಯಗಳಿಗೆ ಕುತ್ತು ತಾರದಿರುವುದು ಎಂದು ವಿಶ್ವಸಂಸ್ಥೆ ನೇಮಿಸಿದ್ದ ಬ್ರುಂಟ್‌ಲಾಂಡ್ ಆಯೋಗವು 1987ರಲ್ಲಿ ಈ ಪದಕ್ಕೆ ಅರ್ಥ ಹೇಳಿತು. ಅದಕ್ಕಿಂತ ಐದು ವರ್ಷ ಮೊದಲೇ, 1982ರ ಡಿಸೆಂಬರ್ 10ರಂದು, ಜಮೈಕಾದ ಮಾಂಟೆಗೊ ಬೇ ಎಂಬಲ್ಲಿ ಸಮುದ್ರ ಕಾನೂನಿನ ಒಡಂಬಡಿಕೆಗೆ ಸಹಿ ಬಿದ್ದಿತ್ತು. 320 ವಿಧಿಗಳೂ ಒಂಬತ್ತು ಅನುಬಂಧಗಳೂ ಇರುವ ಆ ಬೃಹತ್ ಒಡಂಬಡಿಕೆಯಲ್ಲಿ ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಎಲ್ಲಿಯೂ ಇಲ್ಲ. ‘ಸುಸ್ಥಿರ’ ಎಂಬ ವಿಶೇಷಣ ಮಾತ್ರ ಬಂದಿದೆ. ಅದೂ ‘ಗರಿಷ್ಠ ಸುಸ್ಥಿರ ಇಳುವರಿ’ ಎಂಬ, ಮೀನಿನ ಲೆಕ್ಕಾಚಾರದ ಮಾತಾಗಿ. ಸಮುದ್ರ ಕಾನೂನಿನಲ್ಲಿ ಸುಸ್ಥಿರತೆಯ ವಿಚಾರ ಮೀನಿನ ಮೂಲಕವೇ ಪ್ರವೇಶಿಸಿತು ಎಂಬುದಕ್ಕೆ ಇದು ಸಾಕ್ಷಿ. ತೈಲ, ಖನಿಜ, ನೌಕಾಯಾನ ಮೊದಲಾದ ವಿಷಯಗಳನ್ನು ಬದಿಗಿಟ್ಟು, ಮೀನಿನ ಮೇಲಣ ಹಕ್ಕು ಮೀನಿನ ಬಗೆಗಿನ ಹೊಣೆಯಾಗಿ ಹೇಗೆ ಮಾರ್ಪಟ್ಟಿತು, ಎಷ್ಟರಮಟ್ಟಿಗೆ ಮಾರ್ಪಟ್ಟಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸಮುದ್ರ ಯಾರದೂ ಅಲ್ಲ, ಎಲ್ಲರದು ಎಂಬ ವಾದವನ್ನು ಆಧುನಿಕ ಕಾಲದಲ್ಲಿ ಶಾಸ್ತ್ರೀಯವಾಗಿ ಮಂಡಿಸಿದವನು ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್. 1609ರಲ್ಲಿ ಪ್ರಕಟವಾದ ಅವನ ‘ಮುಕ್ತ ಸಮುದ್ರ’ವೆಂಬ ಲ್ಯಾಟಿನ್ ಕೃತಿಗೆ ಕಾರಣವಾದ ಜಗಳ ನಮ್ಮ ಕಡಲಿಗೇ ಸಂಬಂಧಿಸಿದ್ದು. ಹಿಂದೂ ಮಹಾಸಾಗರದಲ್ಲಿ ಓಡಾಡುವ ಹಡಗುಗಳೆಲ್ಲ ತಮ್ಮಿಂದ ‘ಕರ್ತಾಜ್’ ಎಂಬ ರಹದಾರಿ ಪಡೆಯಬೇಕೆಂದು ಪೋರ್ಚುಗೀಸರು ಹಠ ಹಿಡಿದಿದ್ದರು. ಬಸರೂರು, ಹೊನ್ನಾವರ, ಮಂಗಳೂರುಗಳ ವರ್ತಕರಿಗೂ ಆ ಕಾಟ ತಪ್ಪಿರಲಿಲ್ಲ. ಈ ಏಕಸ್ವಾಮ್ಯವನ್ನು ಮುರಿಯಲು ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಒಂದು ತತ್ತ್ವ ಬೇಕಾಗಿತ್ತು. ಗ್ರೋಷಿಯಸ್ ಅದನ್ನು ಒದಗಿಸಿದನು. ಒಬ್ಬನು ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗದ ವಸ್ತುವನ್ನು ಯಾರೂ ಸ್ವಂತ ಮಾಡಿಕೊಳ್ಳಲಾಗದು ಎಂಬುದು ಅವನ ತರ್ಕದ ಬುನಾದಿ. ಹಡಗಿನ ದಾರಿಯ ಮಟ್ಟಿಗೆ ಈ ಮಾತು ಸರಿ. ಒಂದು ಹಡಗು ಹಾದುಹೋದರೆ ದಾರಿ ಸವೆಯುವುದಿಲ್ಲ. ಮೀನಿನ ಮಟ್ಟಿಗೆ ಅದು ತಪ್ಪು. ಆದರೂ ಎರಡಕ್ಕೂ ಒಂದೇ ನ್ಯಾಯ ಅನ್ವಯಿಸುತ್ತದೆಂದು ಪ್ರಪಂಚ ಸುಮಾರು ಮುನ್ನೂರು ವರ್ಷ ನಂಬಿಕೊಂಡು ಬಂದಿತು.

ಆ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಮೀನಿನಿಂದಲ್ಲ, ತುಪ್ಪುಳದ ಸೀಲ್ ಪ್ರಾಣಿಯಿಂದ ಬಂದದ್ದು. ಅಲಾಸ್ಕದ ಬಳಿಯ ಪ್ರಿಬಿಲೋಫ್ ದ್ವೀಪಗಳಲ್ಲಿ ಮರಿಹಾಕುವ ಈ ಪ್ರಾಣಿಗಳನ್ನು ಕೆನಡಾದ ಬೇಟೆಗಾರರು ನಡುಗಡಲಲ್ಲಿ ಕೊಲ್ಲುತ್ತಿದ್ದರು. ಹುಲ್ಲುಗಾವಲಿಗೆ ಹೋದ ದನ ಸಂಜೆ ಕೊಟ್ಟಿಗೆಗೆ ಮರಳುವಂತೆ ಈ ಸೀಲ್‌ಗಳು ನಮ್ಮ ನೆಲಕ್ಕೆ ಮರಳುತ್ತವೆ, ಆದ್ದರಿಂದ ಅವು ನಮ್ಮ ಸೊತ್ತು ಎಂಬ ಧಾಟಿಯಲ್ಲಿ ಅಮೆರಿಕ ವಾದಿಸಿತು. 1893ರಲ್ಲಿ ಪ್ಯಾರಿಸ್ಸಿನಲ್ಲಿ ಕುಳಿತ ಪಂಚಾಯ್ತಿ ಮಂಡಲಿ ಈ ವಾದವನ್ನು ತಳ್ಳಿಹಾಕಿತು. ಆದರೆ ಅಷ್ಟಕ್ಕೇ ಸುಮ್ಮನಾಗದೆ, ದ್ವೀಪಗಳ ಸುತ್ತ 60 ಮೈಲುಗಳೊಳಗೆ ಬೇಟೆಯಾಡಕೂಡದು, ಮೇ 1ರಿಂದ ಜುಲೈ 31ರವರೆಗೆ ನಡುಗಡಲ ಬೇಟೆ ನಿಲ್ಲಬೇಕು ಎಂದು ನಿಯಮ ಮಾಡಿತು. ಹಕ್ಕಿಲ್ಲ, ಆದರೂ ಹೊಣೆಯಿದೆ ಎಂಬ ಈ ನಿಲುವು ಆ ಕಾಲಕ್ಕೆ ಹೊಸದು. ನಿಯಮ ಕಟ್ಟಿಹಾಕಿದ್ದು ಅಮೆರಿಕ ಮತ್ತು ಬ್ರಿಟನ್ನಿನ ಪ್ರಜೆಗಳನ್ನು ಮಾತ್ರ. ಜಪಾನಿನ ಹಡಗುಗಳು ಬಂದು ಬೇಟೆ ಮುಂದುವರಿಸಿದವು. ಕೊನೆಗೆ 1911ರಲ್ಲಿ ಅಮೆರಿಕ, ರಷ್ಯ, ಜಪಾನ್ ಮತ್ತು ಕೆನಡಾದ ಪರವಾಗಿ ಬ್ರಿಟನ್ ಒಪ್ಪಂದ ಮಾಡಿಕೊಂಡವು. ನಡುಗಡಲ ಬೇಟೆಯನ್ನು ಬಿಟ್ಟುಕೊಟ್ಟ ಜಪಾನ್ ಮತ್ತು ಕೆನಡಾಗಳಿಗೆ ದ್ವೀಪಗಳಲ್ಲಿ ಸಿಗುವ ಚರ್ಮದಲ್ಲಿ ತಲಾ ಶೇಕಡಾ 15ರಷ್ಟು ಪಾಲು ದೊರೆಯಿತು. ಸೀಲ್‌ಗಳ ಸಂತತಿ ಮತ್ತೆ ಹೆಚ್ಚಿತು. ಬಿಟ್ಟುಕೊಡುವವನಿಗೂ ಪಾಲಿರಬೇಕೆಂಬ ಈ ವ್ಯವಹಾರಜ್ಞಾನ ಅನಂತರದ ಅನೇಕ ಒಪ್ಪಂದಗಳಲ್ಲಿ ಕಾಣೆಯಾಯಿತು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಎರಡನೆಯ ಮಹಾಯುದ್ಧದ ತರುವಾಯ ಪರಿಸ್ಥಿತಿ ವೇಗವಾಗಿ ಬದಲಾಯಿತು. ಹಿಡಿದ ಮೀನನ್ನು ಹಡಗಿನಲ್ಲಿಯೇ ಸೀಳಿ, ಹೆಪ್ಪುಗಟ್ಟಿಸಿ, ತಿಂಗಳುಗಟ್ಟಲೆ ಕಡಲಲ್ಲಿಯೇ ಉಳಿಯಬಲ್ಲ ಕಾರ್ಖಾನೆ-ಟ್ರಾಲರ್‌ಗಳು 1950ರ ದಶಕದಲ್ಲಿ ಬಂದವು. ಅವುಗಳಿಗೆ ದೂರವೆಂಬುದಿಲ್ಲ, ಋತುವೆಂಬುದೂ ಇಲ್ಲ. ಬಡ ಕರಾವಳಿ ದೇಶಗಳು ಸಹಜವಾಗಿಯೇ ಬೆಚ್ಚಿದವು. ಚಿಲಿ, ಪೆರು, ಇಕ್ವೆಡಾರ್‌ಗಳು 1952ರಲ್ಲಿಯೇ 200 ಮೈಲುಗಳ ಕಡಲು ತಮ್ಮದೆಂದು ಘೋಷಿಸಿದ್ದವು. ಮೀನನ್ನೇ ನಂಬಿ ಬದುಕುವ ಪುಟ್ಟ ಐಸ್‌ಲೆಂಡ್ 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ಮೈಲು ಎಂದು ತನ್ನ ಮೀನುಗಾರಿಕೆಯ ಎಲ್ಲೆಯನ್ನು ಮುಂದೊತ್ತುತ್ತಲೇ ಹೋಯಿತು. ಬ್ರಿಟನ್ನಿನ ಯುದ್ಧನೌಕೆಗಳು ತಮ್ಮ ಟ್ರಾಲರ್‌ಗಳ ಕಾವಲಿಗೆ ಬಂದವು. ಐಸ್‌ಲೆಂಡಿನ ಗಸ್ತುದೋಣಿಗಳು ಆ ಟ್ರಾಲರ್‌ಗಳ ಬಲೆಯ ಹಗ್ಗವನ್ನೇ ಕತ್ತರಿಸಿ ಹಾಕಿದವು. ‘ಕಾಡ್ ಯುದ್ಧ’ಗಳೆಂದು ಪ್ರಸಿದ್ಧವಾದ ಈ ಪ್ರಕರಣಗಳಿಗೆ ಹೆಸರು ಕೊಟ್ಟ ಕಾಡ್ ಮೀನನ್ನು ನಾವು ಕಂಡಿರಲಾರೆವು, ಬಾಲ್ಯದಲ್ಲಿ ಮೂಗು ಮುಚ್ಚಿಕೊಂಡು ಕುಡಿದ ಕಾಡ್‌ಲಿವರ್ ಎಣ್ಣೆಯ ಮೂಲಕ ಮಾತ್ರ ನಮ್ಮಲ್ಲಿ ಹಲವರಿಗೆ ಅದರ ಪರಿಚಯ.

ಬ್ರಿಟನ್ ಈ ವ್ಯಾಜ್ಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. 1974ರ ಜುಲೈ 25ರ ತೀರ್ಪಿನಲ್ಲಿ ನ್ಯಾಯಾಲಯ, ಐಸ್‌ಲೆಂಡ್ ಏಕಪಕ್ಷೀಯವಾಗಿ ಹಾಕಿಕೊಂಡ 50 ಮೈಲಿನ ಗೆರೆ ಬ್ರಿಟನ್ನಿಗೆ ಅನ್ವಯಿಸದೆಂದು ಹೇಳಿತು. ಆದರೆ ತೀರ್ಪಿನ ಹೆಚ್ಚು ಬೆಲೆಯುಳ್ಳ ಭಾಗ ಬೇರೆ ಇದೆ. ತೆರೆದ ಸಮುದ್ರದ ಮೀನನ್ನು ಯಾರು ಹೇಗಾದರೂ ಹಿಡಿಯಬಹುದೆಂಬ ಹಳೆಯ ಕಾಲ ಮುಗಿಯಿತು, ಇತರರ ಹಕ್ಕನ್ನೂ ಸಂರಕ್ಷಣೆಯ ಅಗತ್ಯವನ್ನೂ ಗಮನದಲ್ಲಿಡುವುದು ಈಗ ಕರ್ತವ್ಯ ಎಂದು ನ್ಯಾಯಾಲಯ ಗುರುತಿಸಿತು. ಎರಡೂ ದೇಶಗಳು ಸದ್ಭಾವದಿಂದ ಮಾತುಕತೆ ನಡೆಸಬೇಕೆಂದು ವಿಧಿಸಿತು. ಗ್ರೋಷಿಯಸ್ಸನ ಬುನಾದಿ ಅಲ್ಲಿಗೆ ಅಧಿಕೃತವಾಗಿ ಅಲುಗಾಡಿತು. 1976ರಲ್ಲಿ ಬ್ರಿಟನ್ ಹಿಂದೆ ಸರಿಯಿತು. ಐಸ್‌ಲೆಂಡ್ ಮುಂದೆ ಮೀನಿನ ಪಾಲನ್ನು ಕೊಟ್ಟು-ಕೊಳ್ಳಬಹುದಾದ ಕೋಟಾಗಳಾಗಿ ಹಂಚಿ ಕಾಡ್ ಸಂತತಿಯನ್ನು ಉಳಿಸಿಕೊಂಡಿತಾದರೂ, ಆ ಕೋಟಾಗಳು ಕೆಲವರ ಕೈಸೇರಿದವೆಂಬ ದೂರು ವಿಶ್ವಸಂಸ್ಥೆಯ ಮಾನವಹಕ್ಕು ಸಮಿತಿಯವರೆಗೆ ಹೋಯಿತು. 2007ರಲ್ಲಿ ಸಮಿತಿ ಮೀನುಗಾರರ ಪರವಾಗಿ ಅಭಿಪ್ರಾಯ ಕೊಟ್ಟಿತು.

ಈ ಹಿನ್ನೆಲೆಯಲ್ಲಿಯೇ 1973ರಿಂದ ನಡೆದ ಸಮ್ಮೇಳನದ ಫಲವಾಗಿ 1982ರ ಒಡಂಬಡಿಕೆ ರೂಪುಗೊಂಡಿತು. ಅದು ಜಾರಿಗೆ ಬಂದದ್ದು 1994ರ ನವೆಂಬರ್ 16ರಂದು. ಭಾರತ 1995ರಲ್ಲಿ ಅದನ್ನು ಸ್ಥಿರೀಕರಿಸಿತು. ಕರಾವಳಿಯಿಂದ 12 ನಾಟಿಕಲ್ ಮೈಲು, ಎಂದರೆ ಸುಮಾರು 22 ಕಿಲೋಮೀಟರ್, ಆ ದೇಶದ ಪ್ರಾದೇಶಿಕ ಸಮುದ್ರ. 200 ನಾಟಿಕಲ್ ಮೈಲುಗಳವರೆಗೆ, ಎಂದರೆ ಸುಮಾರು 370 ಕಿಲೋಮೀಟರ್, ಅನನ್ಯ ಆರ್ಥಿಕ ವಲಯ; ಅಲ್ಲಿ ಹಡಗುಗಳು ಸ್ವತಂತ್ರವಾಗಿ ಓಡಾಡಬಹುದು, ಆದರೆ ಮೀನು ಮತ್ತು ಇತರ ಸಂಪತ್ತಿನ ಮೇಲಣ ಹಕ್ಕು ಕರಾವಳಿ ದೇಶದ್ದು. ಅದರಾಚೆಗೆ ತೆರೆದ ಸಮುದ್ರ. ಅಲ್ಲಿಯ ಕಡಲತಳದ ಖನಿಜವನ್ನು, 1967ರಲ್ಲಿ ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ ಮಾಡಿದ ಪ್ರಖ್ಯಾತ ಭಾಷಣವನ್ನು ಅನುಸರಿಸಿ, ಮಾನವಕುಲದ ಸಮಾನ ಪಿತ್ರಾರ್ಜಿತವೆಂದು ಒಡಂಬಡಿಕೆ ಸಾರಿತು. ವಿಚಿತ್ರವೆಂದರೆ, ಇನ್ನೂ ಯಾರೂ ವಾಣಿಜ್ಯಮಟ್ಟದಲ್ಲಿ ಮೇಲೆತ್ತದ ಲೋಹದ ಗಡ್ಡೆಗಳಿಗೆ ದೊರೆತ ಈ ಗೌರವ ದಿನನಿತ್ಯ ಹಿಡಿಯುವ ಮೀನಿಗೆ ದೊರೆಯಲಿಲ್ಲ.

ಆರ್ಥಿಕ ವಲಯದ ಮೀನಿನ ಹಕ್ಕಿಗೆ ಒಡಂಬಡಿಕೆ ಒಂದು ಷರತ್ತನ್ನು ಅಂಟಿಸಿದೆ. 61ನೆಯ ವಿಧಿಯ ಪ್ರಕಾರ, ವರ್ಷಕ್ಕೆ ಎಷ್ಟು ಮೀನು ಹಿಡಿಯಬಹುದೆಂಬುದನ್ನು ಕರಾವಳಿ ದೇಶ ನಿರ್ಧರಿಸಬೇಕು. ಲಭ್ಯವಿರುವ ಅತ್ಯುತ್ತಮ ವೈಜ್ಞಾನಿಕ ಸಾಕ್ಷ್ಯವನ್ನು ಆಧರಿಸಿ, ಅತಿಯಾದ ಬಳಕೆಯಿಂದ ಸಂತತಿಗೆ ಅಪಾಯವಾಗದಂತೆ ನೋಡಿಕೊಳ್ಳಬೇಕು. ಗರಿಷ್ಠ ಸುಸ್ಥಿರ ಇಳುವರಿಯನ್ನು ಕೊಡಬಲ್ಲ ಮಟ್ಟದಲ್ಲಿ ಸಂತತಿಯನ್ನು ಕಾಪಾಡಬೇಕು. ಈ ‘ಗರಿಷ್ಠ ಸುಸ್ಥಿರ ಇಳುವರಿ’ಯನ್ನು ಅಸಲು-ಬಡ್ಡಿಯ ಲೆಕ್ಕದಿಂದ ಗ್ರಹಿಸಬಹುದು. ಕಡಲಲ್ಲಿರುವ ಮೀನು ಅಸಲು. ಪ್ರತಿವರ್ಷ ಹುಟ್ಟಿ ಬೆಳೆದು ಹೆಚ್ಚುವುದು ಬಡ್ಡಿ. ಆದರೆ ಬ್ಯಾಂಕಿನ ಠೇವಣಿಯಂತೆ ಇಲ್ಲಿ ಅಸಲು ಹೆಚ್ಚಿದಷ್ಟೂ ಬಡ್ಡಿ ಹೆಚ್ಚುವುದಿಲ್ಲ. ಕಡಲು ತುಂಬಿದ್ದರೆ ಆಹಾರ ಸಾಲದೆ ಬೆಳವಣಿಗೆ ನಿಲ್ಲುತ್ತದೆ. ಮೀನು ತೀರ ಕಡಿಮೆಯಾದರೆ ಮರಿಗಳೇ ಇಲ್ಲ. ಸರಳವಾದ ಗಣಿತದಂತೆ, ಮೂಲ ಸಂತತಿಯ ಅರ್ಧದಷ್ಟು ಉಳಿದಾಗ ಬಡ್ಡಿ ಅತ್ಯಧಿಕ. ಆ ಬಡ್ಡಿಯನ್ನಷ್ಟೇ ತೆಗೆದರೆ ಎಂದೆಂದಿಗೂ ತೆಗೆಯಬಹುದು.

ಸಿದ್ಧಾಂತ ಸೊಗಸಾಗಿದೆ. ತೊಡಕೆಂದರೆ ಅಸಲು ಎಷ್ಟಿದೆಯೆಂದು ಎಣಿಸಲು ಬಾರದು; ನೀರಿನ ಉಷ್ಣತೆ ಬದಲಾದರೆ ಬಡ್ಡಿಯ ದರವೇ ಬದಲಾಗುತ್ತದೆ; ಒಂದು ಜಾತಿಯ ಮೀನು ಇನ್ನೊಂದರ ಆಹಾರವಾಗಿರುವಾಗ ಎರಡರಿಂದಲೂ ಗರಿಷ್ಠ ಇಳುವರಿ ಪಡೆಯುವುದು ಅಸಾಧ್ಯ. ‘ಗರಿಷ್ಠ’ವನ್ನು ಗುರಿಯಾಗಿಟ್ಟುಕೊಳ್ಳುವುದೆಂದರೆ ಬಾವಿಯ ಕಟ್ಟೆಯ ಮೇಲೆ ಕತ್ತಲಲ್ಲಿ ನಡೆದಂತೆ.

ಹಾಗೆ ನಡೆದು ಬಿದ್ದವರ ಕಥೆ ಕೆನಡಾದ ನ್ಯೂಫೌಂಡ್‌ಲೆಂಡಿನದು. ಅಲ್ಲಿಯ ಗ್ರಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ಕಡಲಭಾಗದಲ್ಲಿ ಕಾಡ್ ಮೀನು ಬುಟ್ಟಿ ಇಳಿಸಿದರೆ ಬರುವಷ್ಟು ಇತ್ತೆಂದು 1497ರಲ್ಲಿ ಕ್ಯಾಬಟ್ಟನ ಜತೆಗೆ ಹೋಗಿದ್ದವರು ವರದಿ ಮಾಡಿದ್ದರು. ಸುಮಾರು ಐದು ಶತಮಾನ ಆ ಮೀನು ಬತ್ತಲಿಲ್ಲ. ವಿದೇಶೀ ಕಾರ್ಖಾನೆ-ಟ್ರಾಲರ್‌ಗಳು ಬಂದಮೇಲೆ 1968ರಲ್ಲಿ ಉತ್ತರದ ಕಾಡ್ ಸಂತತಿಯಿಂದ ಸುಮಾರು 8 ಲಕ್ಷ ಟನ್ ಹಿಡಿಯಲಾಯಿತು. ಅನಂತರದ ಹತ್ತು ವರ್ಷಗಳಲ್ಲಿ ಇಳುವರಿ ಪಾತಾಳಕ್ಕಿಳಿಯಿತು. 1977ರ ಜನವರಿ 1ರಿಂದ ಕೆನಡಾ 200 ಮೈಲುಗಳ ವಲಯವನ್ನು ಸಾರಿ ವಿದೇಶೀಯರನ್ನು ಬಹುಮಟ್ಟಿಗೆ ಹೊರಗಟ್ಟಿತು. ಇನ್ನು ಸಂಪತ್ತು ನಮ್ಮದು, ನಾವೇ ಕಾಪಾಡಿಕೊಳ್ಳುತ್ತೇವೆ ಎಂಬ ಭರವಸೆ ಎಲ್ಲೆಡೆ ಮೂಡಿತು. ನಡೆದದ್ದೇ ಬೇರೆ. ಸರಕಾರದ ನೆರವಿನಿಂದ ಕೆನಡಾದವರೇ ದೊಡ್ಡ ಟ್ರಾಲರ್‌ಗಳನ್ನು ಕಟ್ಟಿಕೊಂಡು, ಹೊರಗಿನವರು ಬಿಟ್ಟುಹೋದ ಜಾಗವನ್ನು ತುಂಬಿದರು.

ಇಲ್ಲಿ ವಿಜ್ಞಾನವೂ ಎಡವಿತು. ಟ್ರಾಲರ್‌ಗಳು ಒಂದು ಗಂಟೆಗೆ ಎಷ್ಟು ಮೀನು ಹಿಡಿಯುತ್ತವೆ ಎಂಬುದು ಸಂತತಿಯ ಅಂದಾಜಿಗೆ ಒಂದು ಆಧಾರವಾಗಿತ್ತು. ಆ ಅಂಕಿ ಇಳಿಯಲೇ ಇಲ್ಲ. ಏಕೆಂದರೆ ಉಳಿದ ಮೀನು ಎಲ್ಲಿ ಒತ್ತಾಗಿ ಕೂಡುತ್ತದೋ ಅಲ್ಲಿಗೇ ಉಪಕರಣಗಳ ಸಹಾಯದಿಂದ ಟ್ರಾಲರ್‌ಗಳು ಹೋಗುತ್ತಿದ್ದವು. ದಡದ ಸಮೀಪ ಸಣ್ಣ ದೋಣಿಗಳಲ್ಲಿ ಹಿಡಿಯುವವರು ಮಾತ್ರ, ಮೀನು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದೆ, ಗಾತ್ರವೂ ಕಿರಿದಾಗುತ್ತಿದೆ ಎಂದು 1980ರ ದಶಕದುದ್ದಕ್ಕೂ ಹೇಳುತ್ತಲೇ ಇದ್ದರು. ಅವರ ಮಾತು ಅಂಕಿಅಂಶವಲ್ಲವಾದ್ದರಿಂದ ಕಡತ ಸೇರಲಿಲ್ಲ. 1992ರ ಜುಲೈ 2ರಂದು ಕೆನಡಾದ ಮೀನುಗಾರಿಕಾ ಸಚಿವರು ಕಾಡ್ ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಸುಮಾರು 30,000 ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ 32 ವರ್ಷ ನಡೆಯಿತು. 2024ರಲ್ಲಿ ಅದನ್ನು ತೆಗೆದಾಗ ನಿಗದಿಯಾದ ಪ್ರಮಾಣ 18,000 ಟನ್. 1968ರ 8 ಲಕ್ಷ ಟನ್ನಿನೊಡನೆ ಇದನ್ನು ಓದುಗರೇ ಹೋಲಿಸಿಕೊಳ್ಳಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟಾದರೂ ಕೆನಡಾವನ್ನು ಯಾವ ನ್ಯಾಯಾಲಯಕ್ಕೂ ಎಳೆಯುವಂತಿರಲಿಲ್ಲ. ಆಗ ಒಡಂಬಡಿಕೆಯೇ ಜಾರಿಗೆ ಬಂದಿರಲಿಲ್ಲವೆಂಬುದು ಒಂದು ಕಾರಣ. ಬಂದಿದ್ದರೂ ಹೆಚ್ಚಿನ ವ್ಯತ್ಯಾಸವಾಗುತ್ತಿರಲಿಲ್ಲ. 297ನೆಯ ವಿಧಿಯಂತೆ, ತನ್ನ ಆರ್ಥಿಕ ವಲಯದ ಮೀನಿನ ಪ್ರಮಾಣವನ್ನು ನಿರ್ಧರಿಸುವ ವಿವೇಚನಾಧಿಕಾರದ ಬಗೆಗಿನ ವ್ಯಾಜ್ಯವನ್ನು ಕಡ್ಡಾಯ ನ್ಯಾಯನಿರ್ಣಯಕ್ಕೆ ಒಪ್ಪಿಸಲು ಯಾವ ಕರಾವಳಿ ದೇಶವೂ ಬದ್ಧವಲ್ಲ. ತೀರ ಎದ್ದುಕಾಣುವ ವೈಫಲ್ಯವಿದ್ದರೆ ಸಂಧಾನ ಮಂಡಲಿಗೆ ಹೋಗಬಹುದು. ಮಂಡಲಿಯ ವರದಿ ಯಾರನ್ನೂ ಬಂಧಿಸದು. 61ನೆಯ ವಿಧಿ ಕೊಟ್ಟ ಹೊಣೆಯ ಹಲ್ಲನ್ನು 297ನೆಯ ವಿಧಿ ಕಿತ್ತಿಟ್ಟಿದೆ ಎನ್ನಬೇಕು. ಹಕ್ಕು ಬೇಕೆಂದು ಹೋರಾಡಿದ ದೇಶಗಳು, ನಮ್ಮ ದೇಶವನ್ನೂ ಒಳಗೊಂಡಂತೆ, ಆ ಹಕ್ಕಿನ ಬಳಕೆಯನ್ನು ಹೊರಗಿನವರು ವಿಚಾರಣೆ ಮಾಡುವುದನ್ನು ಬಯಸಲಿಲ್ಲ. ವಸಾಹತುಶಾಹಿಯ ನೆನಪು ಹಸಿಯಾಗಿದ್ದ ಕಾಲದಲ್ಲಿ ಇದು ಅರ್ಥವಾಗುವಂಥದೇ.

ಗೆರೆಯ ಆಚೆಗಿನ ಸಮಸ್ಯೆ ಇನ್ನೊಂದು. ಗ್ರಾಂಡ್ ಬ್ಯಾಂಕ್ಸ್‌ನ ಎರಡು ತುದಿಗಳು 200 ಮೈಲುಗಳ ಹೊರಕ್ಕೆ ಚಾಚಿಕೊಂಡಿವೆ. ಒಳಗೆ ನಿಷೇಧವಿರುವಾಗಲೇ ಹೊರಗೆ ಐರೋಪ್ಯ ಟ್ರಾಲರ್‌ಗಳು ಬಲೆಯೆಳೆಯುತ್ತಿದ್ದವು. 1995ರ ಮಾರ್ಚ್‌ನಲ್ಲಿ ಕೆನಡಾದ ಗಸ್ತುನೌಕೆ ‘ಎಸ್ತಾಯ್’ ಎಂಬ ಸ್ಪೇನಿನ ಟ್ರಾಲರನ್ನು ತೆರೆದ ಸಮುದ್ರದಲ್ಲಿ, ಎಚ್ಚರಿಕೆಯ ಗುಂಡು ಹಾರಿಸಿ, ಬಂಧಿಸಿತು. ನಿಗದಿತ ಅಳತೆಗಿಂತ ಸಣ್ಣ ಕಣ್ಣಿನ ಬಲೆಯಿದೆಂದು ಹೇಳಿ ಅದನ್ನು ನ್ಯೂಯಾರ್ಕಿಗೊಯ್ದು, ವಿಶ್ವಸಂಸ್ಥೆಯ ಕಟ್ಟಡದ ಎದುರಿನ ನದಿಯಲ್ಲಿ ಪ್ರದರ್ಶಿಸಿತು. ಕಾನೂನಿನ ದೃಷ್ಟಿಯಿಂದ ಕೆನಡಾದ ಕ್ರಮ ದುರ್ಬಲವಾಗಿತ್ತು. ಸ್ಪೇನ್ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತಾದರೂ, 1998ರಲ್ಲಿ ನ್ಯಾಯಾಲಯ ತನಗೆ ಅಧಿಕಾರವ್ಯಾಪ್ತಿಯಿಲ್ಲವೆಂದಿತು. ಆದರೆ ಆ ಬಲೆ ತನ್ನ ಕೆಲಸ ಮಾಡಿತ್ತು. ಅದೇ ನಗರದಲ್ಲಿ ನಡೆಯುತ್ತಿದ್ದ ಸಮ್ಮೇಳನ 1995ರ ಆಗಸ್ಟಿನಲ್ಲಿ ಗಡಿ ದಾಟಿ ಸಂಚರಿಸುವ ಮೀನುಗಳ ಒಪ್ಪಂದವನ್ನು ಅಂಗೀಕರಿಸಿತು.

2001ರಲ್ಲಿ ಜಾರಿಗೆ ಬಂದ ಈ ಒಪ್ಪಂದದಲ್ಲಿ ಒಂದು ಮಹತ್ತ್ವದ ತಿರುವಿದೆ. ವೈಜ್ಞಾನಿಕ ಮಾಹಿತಿ ಸಾಲದೆಂಬ ಕಾರಣಕ್ಕೆ ಸಂರಕ್ಷಣೆಯನ್ನು ಮುಂದೂಡುವಂತಿಲ್ಲ. ತಿಳಿವಳಿಕೆ ಕಡಿಮೆಯಿದ್ದಷ್ಟೂ ಎಚ್ಚರ ಹೆಚ್ಚಬೇಕು. ಅದರ ಅನುಬಂಧವು ಗರಿಷ್ಠ ಸುಸ್ಥಿರ ಇಳುವರಿಯನ್ನು ಕೊಡುವ ಹಿಡಿಯುವಿಕೆಯ ಪ್ರಮಾಣವನ್ನು ಮೀರಬಾರದ ಮಿತಿಗಳಿಗೆ ಕನಿಷ್ಠ ಮಾನದಂಡವೆಂದು ಪರಿಗಣಿಸಿತು. 1982ರಲ್ಲಿ ತಲಪಬೇಕಾದ ಗುರಿಯಾಗಿದ್ದುದು 1995ರಲ್ಲಿ ದಾಟಬಾರದ ಗೆರೆಯಾಯಿತು. ಸಮುದ್ರ ಕಾನೂನಿನಲ್ಲಿ ‘ಸುಸ್ಥಿರ’ ಎಂಬ ಪದದ ಅರ್ಥ ಬದಲಾದ ಸ್ಥಳ ಇದೇ ಎಂದು ಬೆರಳಿಟ್ಟು ತೋರಿಸಬಹುದು. ಕುಶಲ ಮೀನುಗಾರರ, ಹೊಟ್ಟೆಪಾಡಿಗಾಗಿ ಮೀನು ಹಿಡಿಯುವವರ ಹಿತವನ್ನು ಗಮನಿಸಬೇಕೆಂಬ ಮಾತೂ ಅದರಲ್ಲಿದೆ. ಹ್ಯಾಂಬರ್ಗಿನ ಸಮುದ್ರ ಕಾನೂನಿನ ನ್ಯಾಯಮಂಡಲಿಯೂ ಇದೇ ದಿಕ್ಕಿನಲ್ಲಿ ನಡೆಯಿತು. ದಕ್ಷಿಣದ ನೀಲಿರೆಕ್ಕೆ ಟ್ಯೂನ ಮೀನನ್ನು ಜಪಾನ್ ‘ಪ್ರಯೋಗ’ದ ಹೆಸರಿನಲ್ಲಿ ಹೆಚ್ಚುವರಿಯಾಗಿ ಹಿಡಿಯುತ್ತಿದೆಯೆಂದು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳು ದೂರಿದಾಗ, 1999ರಲ್ಲಿ ಮಂಡಲಿ, ವಿಜ್ಞಾನಿಗಳಲ್ಲಿ ಒಮ್ಮತವಿಲ್ಲದಿರುವುದರಿಂದಲೇ ಎಲ್ಲರೂ ವಿವೇಕದಿಂದ, ಜಾಗರೂಕತೆಯಿಂದ ವರ್ತಿಸಬೇಕೆಂದು ಮಧ್ಯಂತರ ಆಜ್ಞೆ ಹೊರಡಿಸಿತು. ಮರುವರ್ಷ ಬೇರೊಂದು ಪಂಚಾಯ್ತಿ ಮಂಡಲಿ ಅಧಿಕಾರವ್ಯಾಪ್ತಿಯಿಲ್ಲವೆಂದು ಆ ಆಜ್ಞೆಯನ್ನು ರದ್ದುಮಾಡಿತೆಂಬುದು ಬೇರೆ ಮಾತು. ಅದೇ 1999ರ ಅಕ್ಟೋಬರಿನಿಂದ 2002ರವರೆಗೆ ಹ್ಯಾಂಬರ್ಗ್ ಮಂಡಲಿಯ ಅಧ್ಯಕ್ಷರಾಗಿದ್ದವರು ಭಾರತದ ಪಿ. ಚಂದ್ರಶೇಖರ ರಾವ್.

ತೆರೆದ ಸಮುದ್ರದ ಜೀವವೈವಿಧ್ಯಕ್ಕಾಗಿ 2023ರಲ್ಲಿ ಅಂಗೀಕಾರವಾದ ಇನ್ನೊಂದು ಒಪ್ಪಂದ 2026ರ ಜನವರಿಯಲ್ಲಿ ಜಾರಿಗೆ ಬಂದಿದೆ. ಭಾರತ 2024ರಲ್ಲಿ ಅದಕ್ಕೆ ಸಹಿ ಮಾಡಿತು. ಹಸಿರುಮನೆ ಅನಿಲಗಳೂ ಸಮುದ್ರಮಾಲಿನ್ಯವೇ ಎಂದು ಹ್ಯಾಂಬರ್ಗ್ ಮಂಡಲಿ 2024ರ ಮೇ ತಿಂಗಳಲ್ಲಿ ಸಲಹಾಭಿಪ್ರಾಯ ಕೊಟ್ಟಿದೆ. ಇವುಗಳ ಪರಿಣಾಮವನ್ನು ಅಳೆಯಲು ಕಾಲ ಇನ್ನೂ ಪಕ್ವವಾಗಿಲ್ಲ.

ಇಷ್ಟನ್ನೂ ನಮ್ಮ ಕರಾವಳಿಗೆ ತಂದು ನೋಡುವುದು ಅಪ್ರಸ್ತುತವಾಗಲಾರದು. ಮುಂಬಯಿಯ ಕನ್ನಡಿಗರಲ್ಲಿ ಬಹುಸಂಖ್ಯೆಯವರು ಕಡಲತಡಿಯಿಂದ ಬಂದವರೇ ಆಗಿದ್ದಾರೆ. ಭಾರತ 1976ರಲ್ಲಿಯೇ ಕಡಲವಲಯಗಳ ಕಾಯ್ದೆಯನ್ನು ಮಾಡಿ ಸುಮಾರು 20 ಲಕ್ಷ ಚದರ ಕಿಲೋಮೀಟರ್ ಆರ್ಥಿಕ ವಲಯವನ್ನು ತನ್ನದಾಗಿಸಿಕೊಂಡಿತು. ಆದರೆ ನ್ಯೂಫೌಂಡ್‌ಲೆಂಡಿನಂತೆ ಇಲ್ಲಿಯೂ ಪ್ರಶ್ನೆ ಎದ್ದದ್ದು ಹೊರಗಿನವರಿಂದಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಮಂಗಳೂರು, ಮಲ್ಪೆಗಳ ಕಡೆ ಪರ್ಸೀನ್ ಬಲೆಗಳು ಬಂದಾಗ, ಹಲವು ಮನೆಗಳವರು ಕೂಡಿ ಇಟ್ಟುಕೊಂಡು, ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆಗುಂಪಾಯಿತು. ದಡಕ್ಕೆ ಬರುವ ಬಂಗುಡೆ, ಬೂತಾಯಿಗಳ ಹಿಂಡನ್ನು ಕಡಲಲ್ಲಿಯೇ ಸುತ್ತುವರಿದು ಎತ್ತಿಬಿಟ್ಟರೆ ರಂಪಣಿಗೆ ಉಳಿಯುವುದೇನು? 61ನೆಯ ವಿಧಿ ‘ಕರಾವಳಿಯ ಮೀನುಗಾರ ಸಮುದಾಯಗಳ ಆರ್ಥಿಕ ಅಗತ್ಯ’ವನ್ನು ಪರಿಗಣಿಸಬೇಕೆನ್ನುತ್ತದೆ. ಒಂದೇ ಊರಿನ ಎರಡು ಬಗೆಯ ಮೀನುಗಾರರಲ್ಲಿ ಯಾರ ಅಗತ್ಯ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. 1991ರ ನೀತಿಯಂತೆ ವಿದೇಶೀ ಕಂಪನಿಗಳೊಡನೆ ಜಂಟಿ ಉದ್ಯಮಗಳಿಗೆ ಆಳಸಮುದ್ರದ ಪರವಾನಗಿ ಕೊಟ್ಟಾಗ ಮಾತ್ರ ಸಣ್ಣವರೂ ಯಂತ್ರದೋಣಿಯವರೂ ಒಟ್ಟಾಗಿ ಎದ್ದುನಿಂತರು. 1996ರಲ್ಲಿ ಮುರಾರಿ ಸಮಿತಿ ಆ ಪರವಾನಗಿಗಳ ರದ್ದತಿಗೆ ಶಿಫಾರಸು ಮಾಡಿತು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕಾ ನಿಷೇಧವಿದೆ. ಮಳೆಗಾಲದಲ್ಲಿ ಕಡಲಿಗಿಳಿಯದಿರುವುದು ನಮ್ಮವರಿಗೆ ಹೊಸತಲ್ಲ; ಹಳೆಯ ವಾಡಿಕೆಗೆ ಕಾನೂನಿನ ಮುದ್ರೆ ಬಿದ್ದಿದೆ. ಹನ್ನೆರಡು ಮೈಲುಗಳೊಳಗೆ ರಾಜ್ಯದ ಕಾನೂನು, ಕರ್ನಾಟಕದಲ್ಲಿ 1986ರ ಕಾಯ್ದೆ, ನಡೆಯುತ್ತದೆ. ಅದರಾಚೆ ವಿದೇಶೀ ನೌಕೆಗಳಿಗೆ 1981ರ ಕೇಂದ್ರ ಕಾಯ್ದೆ ಇದ್ದರೂ, ಭಾರತದ್ದೇ ದೋಣಿಗಳನ್ನು ಸಮಗ್ರವಾಗಿ ನಿಯಂತ್ರಿಸುವ ಶಾಸನ ಬಹುಕಾಲ ಇರಲಿಲ್ಲ. 2017ರಲ್ಲಿ ಎಲ್‌ಇಡಿ ದೀಪ ಬಳಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ ನಿಷೇಧಿಸಿತು. 2025ರ ನವೆಂಬರಿನಲ್ಲಿ ಆರ್ಥಿಕ ವಲಯದ ಮೀನುಗಾರಿಕೆಗೆ ಹೊಸ ನಿಯಮಗಳು ಬಂದಿವೆ. ‘ಸುಸ್ಥಿರ’ ಎಂಬ ಪದ ಅವುಗಳ ಶೀರ್ಷಿಕೆಯಲ್ಲಿಯೇ ಇದೆ. ಯಂತ್ರದೋಣಿಗಳು ಪ್ರವೇಶಪತ್ರ ಪಡೆಯಬೇಕು, ಸಹಕಾರಿ ಸಂಘಗಳಿಗೆ ಆದ್ಯತೆ ಇರಬೇಕು, ಯಂತ್ರವಿಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ಪತ್ರದ ಅಗತ್ಯವಿಲ್ಲ ಎಂದು ಅವು ಹೇಳುತ್ತವೆ. ಯಾರು ಹೋಗಬಹುದೆಂಬುದಕ್ಕೆ ಇದು ಉತ್ತರ. ಎಷ್ಟು ಹಿಡಿಯಬಹುದೆಂಬುದು 61ನೆಯ ವಿಧಿಯ ಮೊದಲ ವಾಕ್ಯದ ಪ್ರಶ್ನೆ; ನಮ್ಮ ಮೀನುಗಾರಿಕಾ ಆಡಳಿತ ಅದನ್ನು ಹೆಚ್ಚಾಗಿ ಋತು, ಬಲೆಯ ಕಣ್ಣು, ಯಂತ್ರದ ಶಕ್ತಿ ಇವುಗಳ ಮೂಲಕ ಪರೋಕ್ಷವಾಗಿ ಎದುರಿಸುತ್ತದೆ. ಉತ್ತರದ ಶೀತಸಮುದ್ರದಲ್ಲಿ ಒಂದು ಬಲೆಗೆ ಬಹುಮಟ್ಟಿಗೆ ಒಂದೇ ಜಾತಿಯ ಮೀನು ಬರುತ್ತದೆ. ಮಲ್ಪೆಯ ಟ್ರಾಲ್ ಬಲೆಯನ್ನು ಸುರಿದರೆ ಹತ್ತಾರು ಜಾತಿಯ ಮೀನುಗಳು ಒಟ್ಟಿಗೆ ಬೀಳುತ್ತವೆ, ಅವುಗಳಲ್ಲಿ ಮರಿಗಳೂ ಸೇರಿರುತ್ತವೆ. ಅವುಗಳಿಗೆ ಜಾತಿವಾರು ಮಿತಿಯನ್ನು ಹಾಕುವುದು ಹೇಗೆಂಬುದನ್ನು ಅರಬ್ಬಿ ಸಮುದ್ರದ ದಡದಲ್ಲಿಯೇ ಕುಳಿತು ಬಗೆಹರಿಸಬೇಕಾಗಿದೆ.